ಮಹಾತ್ಮರ ವ್ರತವೂ ಆಡಿನ ಹಾಲೂ

ಪ್ರಾಣಿಯನ್ನು ಕೊಲ್ಲದೆ, ಅದರ ಮೈಯಿಂದ ತೆಗೆದ ಕೆಲವೇ ಜೀವಕೋಶಗಳನ್ನು ಪ್ರಯೋಗಶಾಲೆಯ ಪಾತ್ರೆಯಲ್ಲಿ ಪೋಷಿಸಿ ಮಾಂಸವನ್ನು ಬೆಳೆಯುವ ವಿದ್ಯೆಯು ಈಗ ಬರಿಯ ಕಲ್ಪನೆಯಾಗಿ ಉಳಿದಿಲ್ಲ. ೨೦೧೩ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಕ್ ಪೋಸ್ಟ್ ಅವರು ಸಿದ್ಧಪಡಿಸಿದ ಅಂತಹ ಮಾಂಸದ ಒಂದು ಬರ್ಗರನ್ನು ಲಂಡನ್ನಿನಲ್ಲಿ ಎಲ್ಲರೆದುರು ಬೇಯಿಸಿ ತಿಂದು ತೋರಿಸಲಾಯಿತು. ಅದೊಂದಕ್ಕೆ ತಗಲಿದ ವೆಚ್ಚ ಎರಡೂವರೆ ಲಕ್ಷ ಯೂರೋ. ೨೦೨೦ರಲ್ಲಿ ಸಿಂಗಾಪುರವು ಇಂತಹ ಕೋಳಿಮಾಂಸದ ಮಾರಾಟಕ್ಕೆ ಅನುಮತಿಯಿತ್ತಿತು; ೨೦೨೩ರಲ್ಲಿ ಅಮೆರಿಕವೂ ಇತ್ತಿತು; ಅದೇ ವರ್ಷ ಇಟಲಿಯು ಅದನ್ನು ನಿಷೇಧಿಸಿತು. ನಮ್ಮ ಹೈದರಾಬಾದಿನ ಕೋಶಿಕಾ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರಕ್ಕೂ ಈ ಸಂಶೋಧನೆಗಾಗಿ ೨೦೧೯ರಲ್ಲಿ ಕೇಂದ್ರ ಸರಕಾರದ ಹಣ ದೊರೆಯಿತು.

ಹಾಲು, ತುಪ್ಪ, ಜೇನನ್ನು ಸಹ ತೊರೆದ ವೀಗನ್ ಪಂಥದವರಿಗೆ ಈ ಮಾಂಸವು ಸಲ್ಲುವುದೇ ಎಂಬ ಪ್ರಶ್ನೆ ಈಗ ನಮ್ಮ ವಾಚಕರ ಮನೆಗಳಲ್ಲಿಯೂ ಕೇಳಬರುತ್ತಿದೆ. ಕೊಲೆಯಿಲ್ಲದ ಮೇಲೆ ದೋಷವೇನು ಎಂದು ಮಕ್ಕಳು. ಮಾಂಸವು ಮಾಂಸವೇ ಎಂದು ಹಿರಿಯರು. ಇಂತಹ ಪ್ರಶ್ನೆಯೊಂದನ್ನು ಜೀವಮಾನವೆಲ್ಲ ಊಟದ ಎಲೆಯ ಮುಂದೆ ಎದುರಿಸಿದ ಮಹಾಪುರುಷರೊಬ್ಬರು ನಮ್ಮ ನಾಡಿನಲ್ಲಿ ಇದ್ದರು. ಅವರ ರಾಜಕೀಯ ಚರಿತ್ರೆಯನ್ನು ಬಲ್ಲವರು ಬಹಳ. ಅವರ ಆಹಾರದ ಚರಿತ್ರೆಯನ್ನು ಬಲ್ಲವರು ಕಡಿಮೆ. ಆದುದರಿಂದ ಅದನ್ನೇ ಇಲ್ಲಿ ನಿರೂಪಿಸಲು ನಾವು ಉದ್ಯುಕ್ತರಾಗಿದ್ದೇವೆ.

ಮೋಹನದಾಸ ಕರಮಚಂದ ಗಾಂಧಿಯವರು ೧೮೬೯ನೆಯ ಅಕ್ಟೋಬರ್ ೨ರಂದು ಪೋರಬಂದರಿನ ವೈಷ್ಣವ ಮನೆತನದಲ್ಲಿ ಜನಿಸಿದರು. ಕಾಠಿಯಾವಾಡದಲ್ಲಿ ಜೈನರ ಪ್ರಭಾವವು ಬಲವಾಗಿದ್ದುದರಿಂದ ಮಾಂಸವೆಂದರೆ ಆ ಮನೆಯಲ್ಲಿ ಹೆಸರೆತ್ತುವಂತಿರಲಿಲ್ಲ. ಆದರೂ ರಾಜಕೋಟೆಯಲ್ಲಿ ಓದುತ್ತಿದ್ದಾಗ, ಇಂಗ್ಲಿಷರು ನಮ್ಮನ್ನು ಆಳುತ್ತಿರುವುದು ಮಾಂಸಬಲದಿಂದಲೇ ಎಂದು ಸ್ನೇಹಿತನೊಬ್ಬನು ನಂಬಿಸಿದ್ದರಿಂದ ಬಾಲಕನು ಹೊಳೆಯ ದಡದ ಏಕಾಂತದಲ್ಲಿ ಆಡಿನ ಮಾಂಸವನ್ನು ತಿಂದನು. ಆ ರಾತ್ರಿ ಹೊಟ್ಟೆಯೊಳಗೆ ಆಡು ಅರಚುತ್ತಿರುವಂತೆ ಕನಸು. ಒಂದು ವರ್ಷದ ಅವಧಿಯಲ್ಲಿ ಇಂತಹ ಐದಾರು ಔತಣಗಳು ನಡೆದವು. ಅವು ನಿಂತುದು ಆಡಿನ ಮೇಲಣ ಕರುಣೆಯಿಂದ ಅಲ್ಲ, ತಾಯಿಯ ಮುಂದೆ ಸುಳ್ಳಾಡಬೇಕಾದ ಸಂಕಟದಿಂದ. ಈ ಅಂಶವನ್ನು ವಾಚಕರು ಮರೆಯದಿರಲಿ. ಮುಂದಿನ ಕಥೆಯ ಬೀಜವು ಇಲ್ಲಿಯೇ ಇದೆ.

೧೮೮೮ರಲ್ಲಿ ಬ್ಯಾರಿಸ್ಟರ್ ವಿದ್ಯೆಗಾಗಿ ವಿಲಾಯತಿಗೆ ಹೊರಡುವ ಮುನ್ನ ತಾಯಿ ಪುತಲೀಬಾಯಿಯವರ ಸಮಾಧಾನಕ್ಕಾಗಿ ಬೇಚರಜೀ ಸ್ವಾಮಿ ಎಂಬ ಜೈನ ಸಾಧುಗಳು ಮಗನಿಂದ ಮದ್ಯ, ಮಾಂಸ, ಪರಸ್ತ್ರೀ ಇವುಗಳನ್ನು ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿಸಿದರು. ಲಂಡನ್ನಿನಲ್ಲಿ ಆ ಪ್ರತಿಜ್ಞೆಯ ಬೆಲೆ ಹಸಿವಿನ ರೂಪದಲ್ಲಿ ತೆರಬೇಕಾಯಿತು. ಬೇಯಿಸಿದ ಸಪ್ಪೆ ತರಕಾರಿ, ಎರಡು ತುಂಡು ರೊಟ್ಟಿ. ಇನ್ನಷ್ಟು ಕೇಳಲು ಸಂಕೋಚ. ಅಕ್ಷರವರಿಯದ ತಾಯಿಗೆ ಕೊಟ್ಟ ಮಾತಿಗೆ ಇಲ್ಲಿ ಬೆಲೆಯಿಲ್ಲವೆಂದು ಮಿತ್ರರು ವಾದಿಸಿದರು. ತರುಣನಿಗೆ ವಾದದಲ್ಲಿ ಗೆಲ್ಲಲು ಬರಲಿಲ್ಲ. ಮಾತನ್ನು ಬಿಡಲೂ ಬರಲಿಲ್ಲ. ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆದಾಡುತ್ತ, ಕೊನೆಗೊಮ್ಮೆ ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದು ಶಾಕಾಹಾರಿ ಹೋಟೆಲು ಕಣ್ಣಿಗೆ ಬಿದ್ದಿತು. ಇಂಗ್ಲೆಂಡಿಗೆ ಕಾಲಿಟ್ಟ ಬಳಿಕ ಹೊಟ್ಟೆ ತುಂಬಿದ ಮೊದಲ ಊಟ ಅದು. ಪರದೇಶದಲ್ಲಿ ಹಸಿದವನಿಗೆ ಒಂದು ಹೋಟೆಲಿನ ಬಾಗಿಲು ಏನೆಂಬುದನ್ನು ಊರುಬಿಟ್ಟು ಬಂದ ನಮ್ಮ ಜನರಿಗೆ ವಿವರಿಸಬೇಕಾಗಿಲ್ಲ. ಅದೇ ಹೋಟೆಲಿನಲ್ಲಿ ಕೊಂಡ ಹೆನ್ರಿ ಸಾಲ್ಟ್ ಅವರ ಪುಸ್ತಕವನ್ನೋದಿ, ಅಲ್ಲಿಯವರೆಗೆ ಮಾತಿಗಾಗಿ ಶಾಕಾಹಾರಿಯಾಗಿದ್ದವರು ಅಂದಿನಿಂದ ಮನಸ್ಸಿನಿಂದಲೂ ಶಾಕಾಹಾರಿಯಾದರು.

ಪ್ರಕೃತ ವಿಷಯಕ್ಕೆ ಅತ್ಯಂತ ಸಮೀಪವಾದ ಸಂಗತಿ ಇದರ ಬೆನ್ನಿಗೇ ಬಂದಿತು. ಮಾಂಸವೆಂದರೆ ಯಾವುದು? ಆ ಕಾಲದ ಇಂಗ್ಲೆಂಡಿನಲ್ಲಿ ಇದಕ್ಕೆ ಮೂರು ವ್ಯಾಖ್ಯೆಗಳಿದ್ದವು. ಪಶು ಮತ್ತು ಪಕ್ಷಿಗಳದು ಮಾತ್ರ ಮಾಂಸ, ಮೀನು ಅಲ್ಲ ಎಂಬುದು ಒಂದು. ಸಕಲ ಜೀವಿಗಳದೂ ಮಾಂಸವೇ, ಆದರೆ ಮೊಟ್ಟೆ ಅಲ್ಲ ಎಂಬುದು ಇನ್ನೊಂದು. ಮೊಟ್ಟೆ ಹಾಲುಗಳೂ ಅದರಲ್ಲಿ ಸೇರಿದುವೆಂಬುದು ಮೂರನೆಯದು. ಮೊಟ್ಟೆಯನ್ನು ತಿಂದರೆ ಯಾವ ಪ್ರಾಣಿಗೂ ನೋವಿಲ್ಲವೆಂಬ ವಾದಕ್ಕೆ ಮನಸೋತು ಗಾಂಧೀಜಿಯವರು ಸ್ವಲ್ಪ ಕಾಲ ಮೊಟ್ಟೆಯನ್ನು ತಿಂದುದೂ ಉಂಟು. ಆದರೆ ಬೇಗನೆ ಎಚ್ಚತ್ತರು. ಪ್ರತಿಜ್ಞೆ ಮಾಡಿಸಿದವರು ತಾಯಿ; ಆಕೆಯ ಮನಸ್ಸಿನಲ್ಲಿ ಮಾಂಸವೆಂದರೆ ಮೊಟ್ಟೆಯೂ ಸೇರಿತ್ತು; ಆಕೆಯ ಅರ್ಥವೇ ತನಗೆ ಬಂಧನ. ತನಗೆ ಅನುಕೂಲವಾದ ವ್ಯಾಖ್ಯೆಯನ್ನು ಆರಿಸಿಕೊಳ್ಳುವ ಹಕ್ಕು ಪ್ರತಿಜ್ಞೆ ಮಾಡಿದವನಿಗೆ ಇಲ್ಲ. ಹೀಗೆ ನಿಶ್ಚಯಿಸಿದ ಮೇಲೆ ಶಾಕಾಹಾರಿ ಹೋಟೆಲುಗಳಲ್ಲಿ ಸಹ ಕೇಕು ಪುಡ್ಡಿಂಗುಗಳಲ್ಲಿ ಏನೇನು ಬಿದ್ದಿದೆಯೆಂದು ವಿಚಾರಿಸುವ ತೊಂದರೆ ಹತ್ತಿಕೊಂಡಿತು. ವರ್ಷಾನುಗಟ್ಟಲೆ ಗಲ್ಲೆಯ ಹಿಂದೆ ಕುಳಿತ ನಾವು ಅಂತಹ ಗಿರಾಕಿಗಳನ್ನು ಚೆನ್ನಾಗಿ ಬಲ್ಲೆವು. ಅಡಿಗೆಯವರಿಗೆ ಅವರು ಪೀಡೆಯೆನಿಸಿದರೂ ಹೋಟೆಲಿನ ಶುಚಿಯನ್ನು ಕಾಯುವವರು ಅವರೇ.

ತಾಯಿ ತೀರಿಕೊಂಡ ವಾರ್ತೆಯು ೧೮೯೧ರಲ್ಲಿ ಮುಂಬಯಿಯ ಬಂದರದಲ್ಲಿ ಇಳಿದ ಮೇಲೆ ಅವರಿಗೆ ತಿಳಿಯಿತು. ಪ್ರತಿಜ್ಞೆ ಮಾತ್ರ ತೀರಲಿಲ್ಲ. ೧೯೦೨ರಲ್ಲಿ ಅವರು ಮುಂಬಯಿಯ ಗಿರಗಾಂವದಲ್ಲಿ ವಾಸವಾಗಿದ್ದಾಗ ಹತ್ತು ವರ್ಷದ ಮಗ ಮಣಿಲಾಲನು ವಿಷಮಜ್ವರಕ್ಕೆ ತುತ್ತಾದನು. ಜತೆಗೆ ನ್ಯುಮೋನಿಯಾದ ಚಿಹ್ನೆ, ರಾತ್ರಿ ಸನ್ನಿ. ಮೊಟ್ಟೆಯನ್ನೂ ಕೋಳಿಯ ಸಾರನ್ನೂ ಕೊಡಬೇಕೆಂದು ಸಜ್ಜನರಾದ ಪಾರಸಿ ವೈದ್ಯರು ವಿಧಿಸಿದರು. ತಂದೆಯು ಒಪ್ಪಲಿಲ್ಲ. ತೊಟ್ಟಿಸ್ನಾನ, ಒದ್ದೆಬಟ್ಟೆಯ ಉಪಚಾರ, ನೀರು ಬೆರೆಸಿದ ಕಿತ್ತಳೆಯ ರಸ ಇಷ್ಟನ್ನೇ ನಂಬಿದರು. ಜ್ವರವು ಏರಿದ ರಾತ್ರಿ ಮಗುವನ್ನು ಒದ್ದೆಬಟ್ಟೆಯಲ್ಲಿ ಸುತ್ತಿ, ಪತ್ನಿಯ ವಶಕ್ಕೆ ಬಿಟ್ಟು, ಚೌಪಾಟಿಯ ಕಡೆಗೆ ನಡೆದು ರಾಮನಾಮ ಜಪಿಸಿದರು. ಮಗು ಬದುಕಿತು. ಬದುಕದಿದ್ದರೆ? ತನ್ನ ವ್ರತಕ್ಕಾಗಿ ತನ್ನ ಪ್ರಾಣವನ್ನು ಒಡ್ಡುವುದು ಬೇರೆ, ಮಗುವಿನ ಪ್ರಾಣವನ್ನು ಒಡ್ಡುವುದು ಬೇರೆ ಎಂಬುದು ನಮ್ಮ ಅಭಿಪ್ರಾಯ. ಮಹಾತ್ಮರ ಚರಿತ್ರೆಯಲ್ಲಿ ನಮಗೆ ಮನಸ್ಸು ಒಪ್ಪದ ಪುಟಗಳಲ್ಲಿ ಇದೊಂದು. ಆದರೆ ಆ ಸಂಕಟವನ್ನು ಅವರು ತಮ್ಮ ಆತ್ಮಕಥೆಯಲ್ಲಿ ಮುಚ್ಚಿಡಲಿಲ್ಲ.

ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ೧೯೧೨ರಲ್ಲಿ ಮಿತ್ರ ಕ್ಯಾಲೆನ್‌ಬ್ಯಾಕ್ ಅವರೊಡನೆ ಗಾಂಧೀಜಿಯವರು ಹಾಲನ್ನೂ ತೊರೆದರು. ಹಾಲು ಇಂದ್ರಿಯಗಳನ್ನು ಕೆರಳಿಸುತ್ತದೆಂಬ ರಾಯಚಂದಭಾಯಿಯವರ ಮಾತು ಹಿಂದಿನಿಂದಲೂ ಮನಸ್ಸಿನಲ್ಲಿತ್ತು. ಕಲ್ಕತ್ತೆಯ ಗೌಳಿಗರು ಹಸು ಎಮ್ಮೆಗಳಿಂದ ಕೊನೆಯ ತೊಟ್ಟು ಹಾಲನ್ನು ಹಿಂಡಲು ನಡೆಸುವ ಫೂಕಾ ಎಂಬ ಹೇಯ ಹಿಂಸೆಯ ವರ್ಣನೆಗಳನ್ನು ಓದಿದ್ದು ನಿರ್ಧಾರವನ್ನು ಗಟ್ಟಿಮಾಡಿತು. ವೀಗನ್ ಎಂಬ ಶಬ್ದವು ಆಗ ಹುಟ್ಟಿರಲಿಲ್ಲ. ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಅವರ ಸಂಗಡಿಗರು ಅದನ್ನು ರೂಪಿಸಿದ್ದು ೧೯೪೪ರಲ್ಲಿ. ಕಾಕತಾಳೀಯವೆಂದರೆ, ಅದೇ ೧೯೧೨ರ ಜನವರಿಯಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಅಲೆಕ್ಸಿಸ್ ಕ್ಯಾರೆಲ್ ಅವರು ಕೋಳಿಯ ಭ್ರೂಣದ ಹೃದಯದ ತುಣುಕೊಂದನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಲು ತೊಡಗಿದ್ದರು. ಇಂದಿನ ಪ್ರಯೋಗಶಾಲೆಯ ಮಾಂಸದ ಅಜ್ಜನೆಂದು ಆ ತುಣುಕನ್ನು ಕರೆಯಬಹುದು.

ಹಾಲಿನ ವ್ರತಕ್ಕೆ ಎರಡು ಸಲ ಪರೀಕ್ಷೆ ಒದಗಿತು. ೧೯೧೪ರಲ್ಲಿ ಲಂಡನ್ನಿನಲ್ಲಿ ಪಾರ್ಶ್ವಶೂಲೆಯಿಂದ ಮಲಗಿದ್ದಾಗ, ಗುರುವೆಂದು ಭಾವಿಸಿದ್ದ ಗೋಖಲೆಯವರೇ ವೈದ್ಯರ ಮಾತನ್ನು ಕೇಳುವಂತೆ ಒತ್ತಾಯಿಸಿದರೂ ಹಾಲನ್ನು ಮುಟ್ಟಲಿಲ್ಲ. ೧೯೧೮ರಲ್ಲಿ ಖೇಡಾ ಜಿಲ್ಲೆಯಲ್ಲಿ ಹಿಡಿದ ಆಮಶಂಕೆಯು ಅವರನ್ನು ಮರಣದ ಹೊಸ್ತಿಲಿಗೆ ಒಯ್ದಿತು. ಮರುವರ್ಷ ಮುಂಬಯಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರ್ ದಲಾಲರು, ಹಾಲಿಲ್ಲದೆ ಈ ಶರೀರವು ಚೇತರಿಸಲಾರದೆಂದು ಸ್ಪಷ್ಟವಾಗಿ ತಿಳಿಸಿದರು. ಗಾಂಧೀಜಿಯವರು ವ್ರತದ ಕಾರಣವನ್ನೂ ಫೂಕಾದ ವಿಷಯವನ್ನೂ ಹೇಳಿದರು. ಹಾಸಿಗೆಯ ಬಳಿ ನಿಂತು ಎಲ್ಲವನ್ನೂ ಕೇಳುತ್ತಿದ್ದ ಕಸ್ತೂರಬಾ ಅವರು, ಹಾಗಾದರೆ ಆಡಿನ ಹಾಲಿಗೆ ಅಡ್ಡಿಯಿರಲಾರದಲ್ಲ ಎಂದು ಕೇಳಿದರು. ವೈದ್ಯರು ಆ ಮಾತನ್ನೇ ಹಿಡಿದುಕೊಂಡರು. ರೌಲತ್ ಮಸೂದೆಗಳ ವಿರುದ್ಧ ಹೋರಾಡಲು ಬದುಕಬೇಕೆಂಬ ಆಸೆ ಪ್ರಬಲವಾಗಿತ್ತು. ಗಾಂಧೀಜಿಯವರು ಸೋತರು.

ವ್ರತ ಕೈಗೊಳ್ಳುವಾಗ ಮನಸ್ಸಿನಲ್ಲಿದ್ದುದು ಹಸು ಮತ್ತು ಎಮ್ಮೆ ಮಾತ್ರವೆಂಬುದು ನಿಜ. ಆದರೂ ಅಕ್ಷರವು ಉಳಿಯಿತು, ಆತ್ಮವು ಹೋಯಿತು ಎಂಬ ಅಳಲು ಅವರನ್ನು ಬಿಡಲಿಲ್ಲ. ಆಡಿನ ಹಾಲು ತಮಗೆ ನಿತ್ಯದ ನೋವೆಂದು ಅವರು ಲೋಕದ ಮುಂದೆ ಒಪ್ಪಿಕೊಂಡರು. ಲಂಡನ್ನಿನಲ್ಲಿ ತಾಯಿಯ ವ್ಯಾಖ್ಯೆಯನ್ನು ಬಿಗಿಹಿಡಿದು ಮೊಟ್ಟೆಯನ್ನು ಬಿಟ್ಟವರು, ಮುಂಬಯಿಯಲ್ಲಿ ಪತ್ನಿಯ ವ್ಯಾಖ್ಯೆಗೆ ಒಪ್ಪಿ ಹಾಲನ್ನು ಕುಡಿದರು. ಇದರಲ್ಲಿ ಕಸ್ತೂರಬಾ ಅವರದು ಬರಿಯ ಜಾಣ್ಮೆಯೆಂದು ನಾವು ಎಣಿಸುವುದಿಲ್ಲ. ಹಿಂದೆ ಆಫ್ರಿಕದಲ್ಲಿ ಸಾಯುವ ಸ್ಥಿತಿಯಲ್ಲಿದ್ದಾಗಲೂ ಗೋಮಾಂಸದ ಸಾರನ್ನು ನಿರಾಕರಿಸಿದ ಸಾಧ್ವಿ ಆಕೆ. ವ್ರತದ ಕಾಠಿಣ್ಯ ಆಕೆಗೆ ಗೊತ್ತಿತ್ತು. ಗಂಡನ ಪ್ರಾಣದ ಬೆಲೆಯೂ ಗೊತ್ತಿತ್ತು.

೧೯೨೭ರಲ್ಲಿ ನಿಪ್ಪಾಣಿಯಲ್ಲಿ ದೇಹಾರೋಗ್ಯ ಕೆಟ್ಟು, ಅವರು ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ವಿಶ್ರಮಿಸಿದರು. ಆಗ ಬೆಂಗಳೂರಿನ ಇಂಪೀರಿಯಲ್ ಡೇರಿ ಸಂಸ್ಥೆಗೆ ಹೋಗಿ ಗೋಪಾಲನೆಯ ಶಾಸ್ತ್ರವನ್ನು ಅಭ್ಯಾಸ ಮಾಡಿದರು. ಸಂದರ್ಶಕರ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತನೆಂದು ಬರೆದುಕೊಂಡರು. ತಾನು ಆಕಳ ಹಾಲನ್ನು ಕುಡಿಯದವರು, ದೇಶದ ಆಕಳುಗಳು ಹೆಚ್ಚು ಹಾಲು ಕೊಡುವಂತೆ ಮಾಡಲು ಶ್ರಮಿಸಿದರು! ಹಾಲು ಕೊಡದ ಹಸು ಕಸಾಯಿಯ ಪಾಲಾಗುವುದೆಂಬುದೇ ಅದಕ್ಕೆ ಕಾರಣ. ಚರ್ಮದ ವಿಷಯದಲ್ಲಿಯೂ ಹಾಗೆಯೇ: ಕೊಂದ ಪ್ರಾಣಿಯದು ಬೇಡ, ತಾನಾಗಿ ಸತ್ತ ಪ್ರಾಣಿಯದಾಗಲಿ ಎಂದರು. ೧೯೨೮ರಲ್ಲಿ ಆಶ್ರಮದ ಕರುವೊಂದು ವಾಸಿಯಾಗದ ನೋವಿನಿಂದ ನರಳುತ್ತಿದ್ದಾಗ ವೈದ್ಯರಿಂದ ವಿಷದ ಸೂಜಿ ಚುಚ್ಚಿಸಿ ಅದರ ಪ್ರಾಣವನ್ನು ಬಿಡಿಸಿದರು. ಗುಜರಾತಿನ ಧಾರ್ಮಿಕ ಜನರು ಉರಿದೆದ್ದರು. ಗಾಂಧೀಜಿಯವರು ಕದಲಲಿಲ್ಲ.

೧೯೩೧ರ ನವೆಂಬರ್ ೨೦ರಂದು ಲಂಡನ್ನಿನ ಶಾಕಾಹಾರಿ ಸಂಘದಲ್ಲಿ ಅವರು ಮಾತನಾಡಿದಾಗ ವೃದ್ಧ ಸಾಲ್ಟ್ ಅವರು ಪಕ್ಕದಲ್ಲಿಯೇ ಕುಳಿತಿದ್ದರು. ಆರೋಗ್ಯಕ್ಕಾಗಿ ಮಾಂಸ ಬಿಟ್ಟವರು ಹೆಚ್ಚು ಕಾಲ ನಿಲ್ಲಲಾರರು, ಧರ್ಮಕ್ಕಾಗಿ ಬಿಟ್ಟವರು ಮಾತ್ರ ನಿಲ್ಲುವರು ಎಂಬುದು ಅಂದಿನ ಭಾಷಣದ ಸಾರ. ಅವರನ್ನು ಹೀಯಾಳಿಸುತ್ತಿದ್ದ ಚರ್ಚಿಲ್ ಅವರೂ ಅದೇ ೧೯೩೧ರಲ್ಲಿ, ಕೋಳಿಯ ಎದೆ ರೆಕ್ಕೆಗಳನ್ನು ಬೇರೆಬೇರೆಯಾಗಿ ಬೆಳೆಸುವ ಕಾಲ ಬರುವುದೆಂದು ಪತ್ರಿಕೆಯಲ್ಲಿ ಬರೆದರು.

ಆಗಾಖಾನ್ ಅರಮನೆಯ ಸೆರೆಯಲ್ಲಿ ೧೯೪೨ರಲ್ಲಿ ಆರೋಗ್ಯವನ್ನು ಕುರಿತು ಬರೆದ ಪುಸ್ತಕದಲ್ಲಿ ಗಾಂಧೀಜಿಯವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಹುಂಜದ ಸಂಪರ್ಕವಿಲ್ಲದೆ ಇಟ್ಟ ಮೊಟ್ಟೆಯಿಂದ ಮರಿಯಾಗದು. ಆದಕಾರಣ ಹಾಲು ಕುಡಿಯುವವನು ಅದನ್ನು ತಿನ್ನಲು ಹಿಂಜರಿಯಬೇಕಾಗಿಲ್ಲ ಎಂದು ತೀರ್ಮಾನಿಸಿದರು. ತಾನು ಮಾತ್ರ ತಿನ್ನಲಿಲ್ಲ. ಹಾಲಿಗೆ ಸಮನಾದ ಸಸ್ಯಾಹಾರವನ್ನು ಯಾರಾದರೂ ವೈದ್ಯರು ಕಂಡುಹಿಡಿಯಲೆಂದು ಕೊನೆಯವರೆಗೂ ಹಾರೈಸಿದರು.

ಹಾಗಾದರೆ ಇಂದಿನ ಪ್ರಯೋಗಶಾಲೆಯ ಮಾಂಸಕ್ಕೆ ಅವರು ಏನೆನ್ನುತ್ತಿದ್ದರು? ಅವರ ಹೆಸರಿನಲ್ಲಿ ತೀರ್ಪು ಕೊಡುವ ಧೈರ್ಯ ನಮಗಿಲ್ಲ; ಆದರೆ ಅವರು ಕೇಳಬಹುದಾದ ಪ್ರಶ್ನೆಗಳನ್ನು ಊಹಿಸಬಲ್ಲೆವು. ಆ ಕೋಶಗಳಿಗೆ ಏನನ್ನು ಉಣಿಸುತ್ತೀರಿ ಎಂಬುದೇ ಮೊದಲನೆಯದಾಗುತ್ತಿತ್ತು. ಆರಂಭದ ವರ್ಷಗಳಲ್ಲಿ ಅವುಗಳ ಆಹಾರವಾಗಿದ್ದುದು, ಗರ್ಭಿಣಿ ಹಸುವನ್ನು ಕಡಿದಾಗ ಅದರ ಹೊಟ್ಟೆಯ ಕರುವಿನ ರಕ್ತದಿಂದ ತೆಗೆದ ಸೀರಮ್. ಫೂಕಾದ ಹೆಸರು ಕೇಳಿ ಹಾಲನ್ನು ಬಿಟ್ಟವರು ಇದನ್ನು ಸಹಿಸುತ್ತಿರಲಿಲ್ಲ. ಸೀರಮ್ ಇಲ್ಲದೆ ಬೆಳೆಸುವ ಕ್ರಮವನ್ನು ಈಗ ಕಂಡುಕೊಂಡಿದ್ದಾರೆ. ಹಾಗೆ ಬೆಳೆದುದಾದರೆ, ನಾಳೆ ಕೋಳಿ ಕುರಿಗಳನ್ನು ಕಡಿಸಿಯೇ ತಿನ್ನುವವನಿಗೆ ಇದು ಒಳ್ಳೆಯ ಬದಲು ಎಂದು ಒಪ್ಪುತ್ತಿದ್ದರೇನೋ. ವೀಗನ್ ವ್ರತದವನ ಮಾತು ಬೇರೆ. ಪ್ರಾಣಿಯನ್ನು ಯಾವ ರೀತಿಯಲ್ಲಿಯೂ ಬಳಸೆನೆಂದವನಿಗೆ ಮೊದಲ ಕೋಶವನ್ನು ಕೊಟ್ಟ ಹಸುವು ಆಡಿನಂತೆ ಎದುರಿಗೆ ಬಂದು ನಿಲ್ಲುತ್ತದೆ. ಜೀವ ಉಳಿಸಿಕೊಳ್ಳುವ ಒತ್ತಾಯವಾದರೂ ಮಹಾತ್ಮರಿಗಿತ್ತು. ಬರಿಯ ನಾಲಗೆಯ ರುಚಿಗಾಗಿ ವ್ಯಾಖ್ಯೆಯನ್ನು ಸಡಿಲಿಸುವವನಿಗೆ ಆ ನೆಪವೂ ಇಲ್ಲ ಎಂದೇ ನಾವು ಭಾವಿಸುತ್ತೇವೆ.

೧೯೪೮ನೆಯ ಜನವರಿ ೩೦ರ ಸಂಜೆ ದೆಹಲಿಯ ಬಿರ್ಲಾ ಭವನದಲ್ಲಿ ಸರದಾರ ಪಟೇಲರೊಡನೆ ಮಾತನಾಡುತ್ತಲೇ ಗಾಂಧೀಜಿಯವರು ಕೊನೆಯ ಊಟ ಮಾಡಿದರು. ಬೇಯಿಸಿದ ಮತ್ತು ಹಸಿಯ ತರಕಾರಿ, ಕಿತ್ತಳೆ, ಶುಂಠಿ ಮತ್ತು ನಿಂಬೆಯ ಕಷಾಯ ಎದುರಿಗಿದ್ದವು. ಜತೆಗೆ ಆಡಿನ ಹಾಲೂ ಇದ್ದಿತು.