ವಸಯಿಯ ದುಭಾಷಿ ಸಂತ ಗೊನ್ಸಾಲೊ ಗಾರ್ಸಿಯಾ

ಬಾಂದ್ರಾದಿಂದ ವಿರಾರದ ಕಡೆಗೆ ಹೋಗುವ ಗಾಡಿಯನ್ನೇರಿ ಭಾಯಂದರದ ಖಾಡಿಯನ್ನು ದಾಟಿದರೆ ವಸಯಿಯ ಸೀಮೆಯು ಬರುತ್ತದೆ. ಅಲ್ಲಿಯ ಸಮುದ್ರತೀರದಲ್ಲಿ ಪಾಳುಬಿದ್ದ ಕೋಟೆಯೊಂದುಂಟು. 1534ರಿಂದ 1739ರಲ್ಲಿ ಚಿಮಾಜಿ ಅಪ್ಪಾ ಅದನ್ನು ಗೆಲ್ಲುವವರೆಗೆ ವಸಯಿಯು ಪೋರ್ಚುಗೀಸರ ವಶದಲ್ಲಿತ್ತು. ಭಾರತದಲ್ಲಿ ಹುಟ್ಟಿದವರಲ್ಲಿ ಕ್ಯಾಥೊಲಿಕ್ ಧರ್ಮಸಭೆಯಿಂದ ಸಂತಪದವಿಯನ್ನು ಪಡೆದ ಮೊದಲಿಗನು ಈ ನಮ್ಮ ನೆರೆಯೂರಿನವನೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಗೊನ್ಸಾಲೊ ಗಾರ್ಸಿಯಾ 1557ರ ಸುಮಾರಿಗೆ ವಸಯಿಯಲ್ಲಿ ಜನಿಸಿದನು. ತಂದೆ ಪೋರ್ಚುಗೀಸನು, ತಾಯಿ ಈ ನಾಡಿನವಳು. ಬಾಲ್ಯದಲ್ಲಿ ಯೇಸುಸಭೆಯ ಗುರುಗಳ ಬಳಿ ವಿದ್ಯೆ ಕಲಿತು, ಹದಿಹರೆಯದಲ್ಲಿಯೇ ಅವರೊಡನೆ ದೂರದ ಜಪಾನಿಗೆ ತೆರಳಿದನು. ಅಲ್ಲಿಯ ಭಾಷೆಯನ್ನು ಚೆನ್ನಾಗಿ ಕಲಿತು ಗುರುಗಳ ಕಾರ್ಯದಲ್ಲಿ ನೆರವಾದನು. ತಾನೂ ಆ ಸಭೆಯನ್ನು ಸೇರಬೇಕೆಂಬುದು ಅವನ ಹಿರಿಯಾಸೆ. ಆದರೆ ಅವನನ್ನು ಸೇರಿಸಿಕೊಳ್ಳಲಿಲ್ಲ. ಮನನೊಂದು ಅವನು ವ್ಯಾಪಾರಕ್ಕೆ ಕೈಹಾಕಿದನು; ಅದರಲ್ಲಿ ಏಳಿಗೆಯನ್ನೂ ಕಂಡನು. ಆದರೂ ಹಳೆಯ ಹಂಬಲವು ಆರಲಿಲ್ಲ. ಕೊನೆಗೆ ಫಿಲಿಪೈನ್ಸಿನ ಮನಿಲಾ ನಗರದಲ್ಲಿ ಎಲ್ಲವನ್ನೂ ಬಿಟ್ಟು, ಬಡತನವನ್ನೇ ವ್ರತವಾಗಿ ಉಳ್ಳ ಫ್ರಾನ್ಸಿಸ್ಕನ್ ಸಭೆಯನ್ನು ಗುರುವಾಗಿ ಅಲ್ಲ, ಸೇವೆಗೈಯುವ ಸಹೋದರನಾಗಿ ಸೇರಿದನು.

1593ರಲ್ಲಿ ಮನಿಲಾದ ಸ್ಪ್ಯಾನಿಷ್ ಅಧಿಪತಿಯು ಜಪಾನಿನ ಆಳ್ವಿಕೆಯನ್ನು ನಡೆಸುತ್ತಿದ್ದ ಹಿಡೆಯೋಶಿಯ ಬಳಿಗೆ ಪೇದ್ರೊ ಬೌತಿಸ್ತಾ ಎಂಬ ಫ್ರಾನ್ಸಿಸ್ಕನ್ ಗುರುವನ್ನು ರಾಯಭಾರಿಯಾಗಿ ಕಳುಹಿಸಿದನು. ಅವನಿಗೆ ದುಭಾಷಿ ಬೇಕಾಯಿತು. ವಸಯಿಯ ಗೊನ್ಸಾಲೊ ಹೀಗೆ ಒಡೆಯನೊಬ್ಬನ ಸಮ್ಮುಖದಲ್ಲಿ ನಿಂತು, ಒಂದು ಪಕ್ಷದ ಮಾತನ್ನು ಇನ್ನೊಂದಕ್ಕೆ ತಿಳಿಯಹೇಳಿದನು. ಕ್ರೈಸ್ತ ಗುರುಗಳು ದೇಶ ಬಿಡಬೇಕೆಂದು ಹಿಡೆಯೋಶಿಯು 1587ರಲ್ಲಿಯೇ ಆಜ್ಞೆ ಹೊರಡಿಸಿದ್ದರೂ, ಈ ಸನ್ಯಾಸಿಗಳಿಗೆ ಕ್ಯೋಟೊ ನಗರದಲ್ಲಿರಲು ಅನುಮತಿ ದೊರೆಯಿತು. ಅವರು ಅಲ್ಲಿ ಇಗರ್ಜಿಯನ್ನು ಕಟ್ಟಿ, ಕುಷ್ಠರೋಗಿಗಳ ಶುಶ್ರೂಷೆಯಲ್ಲಿ ತೊಡಗಿದರು.

1596ರಲ್ಲಿ ಸ್ಯಾನ್ ಫೆಲಿಪೆ ಎಂಬ ಸ್ಪ್ಯಾನಿಷ್ ಹಡಗು ಬಿರುಗಾಳಿಗೆ ಸಿಕ್ಕಿ ಜಪಾನಿನ ತೀರದಲ್ಲಿ ಒಡೆಯಿತು. ಅದರ ಸರಕನ್ನು ಹಿಡೆಯೋಶಿಯು ವಶಪಡಿಸಿಕೊಂಡನು. ಮೊದಲು ಗುರುಗಳು, ಅವರ ಹಿಂದೆಯೇ ಸೈನ್ಯವು ಬರುತ್ತದೆಂಬ ಶಂಕೆಯು ಆಗ ಬಲಗೊಂಡಿತು. ಗೊನ್ಸಾಲೊ ಮತ್ತು ಸಂಗಡಿಗರು ಸೆರೆಯಾದರು. ಕ್ಯೋಟೊದಲ್ಲಿ ಅವರ ಎಡಗಿವಿಯ ತುದಿಯನ್ನು ಕತ್ತರಿಸಿ, ಕೊರೆಯುವ ಚಳಿಯಲ್ಲಿ ನಾಗಸಾಕಿಗೆ ನಡೆಸಿಕೊಂಡು ಹೋದರು. 1597ರ ಫೆಬ್ರವರಿ 5ರಂದು ಅಲ್ಲಿಯ ಗುಡ್ಡವೊಂದರ ಮೇಲೆ 26 ಮಂದಿಯನ್ನು ಶಿಲುಬೆಗೇರಿಸಿ ಈಟಿಯಿಂದ ಇರಿದರು. ಅವರಲ್ಲಿ 20 ಜನರು ಜಪಾನೀಯರೇ. 12, 13, 14 ವರ್ಷದ ಬಾಲಕರೂ ಇದ್ದರು. 1862ರಲ್ಲಿ ಒಂಬತ್ತನೆಯ ಪಯಸ್ ಪೋಪರು ಈ 26 ಮಂದಿಯನ್ನೂ ಸಂತರೆಂದು ಸಾರಿದರು.

ಇವರು ಮಡಿದದ್ದು ಧರ್ಮಕ್ಕಾಗಿಯೋ, ರಾಜಕಾರಣದ ಸುಳಿಗೆ ಸಿಕ್ಕಿಯೋ? ಈ ಪ್ರಶ್ನೆಯನ್ನು ನಾವು ತಳ್ಳಿಹಾಕಲಾಗದು. ಯುರೋಪಿನ ರಾಜ್ಯಗಳು ಸಮುದ್ರದಾಚೆಯ ನಾಡುಗಳನ್ನು ಗೆಲ್ಲುತ್ತಿದ್ದುದು ಸುಳ್ಳಲ್ಲ. ವಸಯಿಯ ಕೋಟೆಯೇ ಅದಕ್ಕೆ ಸಾಕ್ಷಿ. ಆದುದರಿಂದ ಹಿಡೆಯೋಶಿಯ ಭಯವು ನಿರಾಧಾರವಾಗಿರಲಿಲ್ಲ. ಆದರೆ ರೋಗಿಗಳ ಹುಣ್ಣು ತೊಳೆದ ಕೈಗಳು ರಾಜ್ಯ ಕಸಿಯುವ ಕೈಗಳಾಗಿರಲಿಲ್ಲ. ಬಲಿಷ್ಠರ ಪರಸ್ಪರ ಸಂಶಯಕ್ಕೆ ನಡುವೆ ನಿಂತವರು ಬಲಿಯಾದರು.

ಮನೆಯಲ್ಲಿ ಕನ್ನಡ ಅಥವಾ ತುಳು, ಓಣಿಯಲ್ಲಿ ಮರಾಠಿ, ಗಾಡಿಯಲ್ಲಿ ಹಿಂದಿಯನ್ನಾಡುವ ನಾವೂ ಒಂದು ರೀತಿಯಲ್ಲಿ ದುಭಾಷಿಗಳೇ. ಪರರ ನುಡಿಯನ್ನು ಕಲಿತವನು ಪರರ ಮನಸ್ಸಿನ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ. ಆ ಬಾಗಿಲನ್ನು ಸೇವೆಗಾಗಿ ತೆರೆದವನೆಂದು ನಾವು ಗೊನ್ಸಾಲೊನನ್ನು ನೆನೆಯೋಣ. ಮುಂದೆ ವಸಯಿಯ ಕೋಟೆಗೆ ಪ್ರವಾಸ ಹೋದಾಗ, ಕಲ್ಲುಗಳ ನಡುವೆ ಆಡಿ ಬೆಳೆದು ಕಡಲಾಚೆಗೆ ಹೋದ ಆ ಹುಡುಗನಿಗಾಗಿ ಒಂದು ಗಳಿಗೆ ಮೌನವಾಗಿ ನಿಲ್ಲೋಣ.