ವಕೀಲಿಕೆ ತೊರೆದು ಬರಿಗೈಯಾದ ಕಾರ್ನಾಡ್ ಸದಾಶಿವ ರಾವ್

ಮಂಗಳೂರಿನ ಹೃದಯಭಾಗದಲ್ಲಿರುವ ಕೆ.ಎಸ್. ರಾವ್ ರಸ್ತೆಯಲ್ಲಿ ದಿನವೂ ಸಾವಿರಾರು ಮಂದಿ ಓಡಾಡುತ್ತಾರೆ. ಆ ಇಂಗ್ಲಿಷ್ ಅಕ್ಷರಗಳ ಹಿಂದಿರುವ ಕಾರ್ನಾಡ್ ಸದಾಶಿವ ರಾವ್ ಯಾರೆಂದು ಬಲ್ಲವರು ಕಡಿಮೆ. ಸ್ವಾತಂತ್ರ್ಯ ಹೋರಾಟಗಾರರೆಂದು ಪಠ್ಯಪುಸ್ತಕಗಳು ಅವರನ್ನು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಅವರು ಮೊದಲು ವಕೀಲರಾಗಿದ್ದರು. ಕೈತುಂಬ ಸಂಪಾದಿಸಬಹುದಾಗಿದ್ದ ಆ ವೃತ್ತಿಯನ್ನು ಬಿಟ್ಟದ್ದರಿಂದ ಅವರ ಬದುಕಿಗೆ ಆದ ಪರಿಣಾಮವೇನು ಎಂಬುದು ಹೆಚ್ಚು ಚರ್ಚೆಗೆ ಬಂದಿಲ್ಲ.

ಸದಾಶಿವ ರಾಯರು ಹುಟ್ಟಿದ್ದು 1881ರಲ್ಲಿ, ಮಂಗಳೂರಿನ ಅನುಕೂಲಸ್ಥ ಕುಟುಂಬದಲ್ಲಿ. ತಂದೆ ರಾಮಚಂದ್ರ ರಾಯರು ಊರಿನ ಹೆಸರಾಂತ ವಕೀಲರು, ತಾಯಿ ರಾಧಾಬಾಯಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ, ಮುಂಬಯಿಯಲ್ಲಿ ಕಾನೂನು ವ್ಯಾಸಂಗ ಮುಗಿಸಿ 1906ರಲ್ಲಿ ಅವರು ಮಂಗಳೂರಿನಲ್ಲಿ ವಕೀಲಿಕೆ ಆರಂಭಿಸಿದರು.

ಅಂದಿನ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಮಂಗಳೂರಿನ ಜಿಲ್ಲಾ ನ್ಯಾಯಾಲಯದಲ್ಲಿ ಸೋತವರು ಮೇಲ್ಮನವಿಗೆ ಮದ್ರಾಸಿಗೇ ಹೋಗಬೇಕಿತ್ತು. ವಕೀಲರಿಗೆ ಕೆಲಸದ ಕೊರತೆ ಇರಲಿಲ್ಲ. ಗೇಣಿ ನಿಗದಿಯಾಗಿ ಶಾಶ್ವತವಾಗಿರುವ ಮೂಲಗೇಣಿ, ಒಡೆಯನ ಮರ್ಜಿಯಲ್ಲಿರುವ ಚಾಲಗೇಣಿ ಎಂಬ ಎರಡು ಪದ್ಧತಿಗಳ ಸುತ್ತ ವ್ಯಾಜ್ಯಗಳು ಬೆಳೆಯುತ್ತಿದ್ದವು. ಇದರ ಜೊತೆಗೆ ಅಳಿಯಸಂತಾನದ ಕೂಡುಕುಟುಂಬಗಳ ಆಸ್ತಿ ಜಗಳಗಳು. ಒಂದೊಂದು ದಾವೆ ಎರಡು ತಲೆಮಾರು ನಡೆದರೂ ಆಶ್ಚರ್ಯವಿರಲಿಲ್ಲ. ಭೂಮಿಯೇ ವಕೀಲನ ಬಂಡವಾಳ ಎಂದರೆ ತಪ್ಪಾಗದು.

ಇಂದಿನ ಅರ್ಥದ ಕಾನೂನು ಸಂಸ್ಥೆಗಳು ಜಿಲ್ಲಾ ಕೇಂದ್ರಗಳಲ್ಲಿ ಇರಲಿಲ್ಲ. ಹಿರಿಯ ವಕೀಲ, ಅವರ ಕೈಕೆಳಗೆ ಕೆಲಸ ಕಲಿಯುವ ಕಿರಿಯರು, ಕಡತ ನೋಡಿಕೊಳ್ಳುವ ಗುಮಾಸ್ತ, ಮನೆಯ ಮುಂಭಾಗದ ಕೋಣೆ: ಇಷ್ಟೇ ಕಚೇರಿ. ಹೆಸರು ತಂದೆಯಿಂದ ಮಗನಿಗೆ ಬರುತ್ತಿತ್ತು, ಕಕ್ಷಿದಾರರೂ ಹಾಗೆಯೇ ಬರುತ್ತಿದ್ದರು. ಆದರೆ ಈ ಆಸ್ತಿಯನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ. ವಕೀಲ ನ್ಯಾಯಾಲಯಕ್ಕೆ ಹೋಗುವುದನ್ನು ನಿಲ್ಲಿಸಿದರೆ ಕಕ್ಷಿದಾರ ಮತ್ತೊಬ್ಬರ ವಕಾಲತ್ತಿಗೆ ಸಹಿ ಹಾಕುತ್ತಾನೆ. ಸದಾಶಿವ ರಾಯರ ಮುಂದಿನ ಕಥೆ ತಿಳಿಯಲು ಈ ಅಂಶ ನೆನಪಿರಬೇಕು.

ಮಂಗಳೂರಿನ ವಕೀಲ ವೃಂದದಲ್ಲಿ ಬೇರೆ ದಾರಿ ಹಿಡಿದವರು ಅವರಿಗಿಂತ ಮೊದಲೇ ಇದ್ದರು. ಕುದ್ಮುಲ್ ರಂಗರಾಯರು ಬಡವರ ವಕೀಲರೆಂದೇ ಹೆಸರಾಗಿ, 1897ರಲ್ಲಿ ದಲಿತರ ಶಿಕ್ಷಣಕ್ಕಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದ್ದರು. ಅದಕ್ಕಾಗಿ ಜಾತಿ ಬಹಿಷ್ಕಾರವನ್ನೂ ಉಂಡಿದ್ದರು. ಆ ಕೆಲಸಕ್ಕೆ ಸದಾಶಿವ ರಾಯರು ಜೊತೆಯಾದರು. 1911ರಲ್ಲಿ ಪತ್ನಿ ಶಾಂತಾಬಾಯಿಯವರೊಡನೆ ಮಹಿಳಾ ಸಭಾ ಆರಂಭಿಸಿ, ವಿಧವೆಯರು ಹಾಗೂ ನಿರ್ಗತಿಕ ಹೆಣ್ಣುಮಕ್ಕಳಿಗೆ ದುಡಿಮೆಯ ದಾರಿ ತೋರಿಸಲು ಯತ್ನಿಸಿದರು. ವಕೀಲಿಕೆಯ ಗಳಿಕೆ ಇರುವತನಕ ಇಂಥ ಖರ್ಚುಗಳು ಹೊರೆಯೆನಿಸಲಿಲ್ಲ.

1919ರಲ್ಲಿ ರೌಲತ್ ಕಾಯ್ದೆ ವಿರುದ್ಧ ಗಾಂಧೀಜಿ ಸತ್ಯಾಗ್ರಹದ ಪ್ರತಿಜ್ಞೆಗೆ ಕರೆ ನೀಡಿದಾಗ ಕರ್ನಾಟಕದಿಂದ ಮೊದಲು ಸಹಿ ಮಾಡಿದವರು ಸದಾಶಿವ ರಾಯರೇ. ಮರುವರ್ಷದ ಆಗಸ್ಟ್‌ನಲ್ಲಿ ಗಾಂಧೀಜಿ ಮಂಗಳೂರಿಗೇ ಬಂದರು. ಡಿಸೆಂಬರ್‌ನಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನ ಅಸಹಕಾರವನ್ನು ಅಂಗೀಕರಿಸಿ, ವಕೀಲರು ನ್ಯಾಯಾಲಯಗಳನ್ನು ಬಹಿಷ್ಕರಿಸಬೇಕೆಂದಿತು. ಸರ್ಕಾರಿ ಪದವಿ ಹಿಂತಿರುಗಿಸುವುದಕ್ಕೂ ವಕೀಲಿಕೆ ಬಿಡುವುದಕ್ಕೂ ಅಜಗಜಾಂತರ. ಪದವಿ ಹೋದರೆ ಗೌರವವಷ್ಟೇ ಹೋದೀತು, ಇಲ್ಲಿ ಮನೆಯ ಒಲೆಯ ಪ್ರಶ್ನೆ. ಕಾಂಗ್ರೆಸ್ ಕೂಡ ಇದನ್ನು ಅರಿತಿತ್ತು. ವೃತ್ತಿ ತೊರೆದ ವಕೀಲರ ನೆರವಿಗೆಂದೇ ಉದ್ಯಮಿ ಜಮನಾಲಾಲ್ ಬಜಾಜ್ ಒಂದು ಲಕ್ಷ ರೂಪಾಯಿ ನೀಡಿದ್ದರು. ದೇಶದುದ್ದಗಲದ ವಕೀಲರಿಗೆ ಆ ಹಣ ಎಷ್ಟು ದಿನ ಬಂದೀತು? 1922ರ ಫೆಬ್ರುವರಿಯಲ್ಲಿ ಚೌರಿಚೌರಾ ಘಟನೆಯ ನಂತರ ಚಳವಳಿ ನಿಂತಾಗ ಹಲವರು ಕರಿಕೋಟು ತೊಟ್ಟು ನ್ಯಾಯಾಲಯಕ್ಕೆ ಮರಳಿದರು. ಅವರನ್ನು ದೂರುವುದು ಸುಲಭ, ನ್ಯಾಯವಲ್ಲ.

ಸದಾಶಿವ ರಾಯರು ವೃತ್ತಿ ತೊರೆದ ಮೇಲೆ ಗಳಿಕೆಯ ಬದುಕಿಗೆ ಹೊರಳಲಿಲ್ಲ. ಖರ್ಚು ಮಾತ್ರ ಬೆಳೆಯಿತು. ರಾಷ್ಟ್ರೀಯ ಶಿಕ್ಷಣಕ್ಕಾಗಿ ತಿಲಕ ವಿದ್ಯಾಲಯ ತೆರೆದರು. ಖಾದಿ, ಹಿಂದಿ ಪ್ರಚಾರ, ಕಾರ್ಯಕರ್ತರ ಊಟೋಪಚಾರ ಎಲ್ಲವೂ ಅವರ ಕೈಯಿಂದಲೇ. 1923ರ ನೆರೆ ಹಾವಳಿಯಲ್ಲಿ ಸಂತ್ರಸ್ತರ ಪರಿಹಾರಕ್ಕೂ ಮುಂದಾದರು. ತಂದೆ ಬಿಟ್ಟುಹೋದ ಆಸ್ತಿ ಕರಗುತ್ತ ಬಂತು. ಆದಾಯದಿಂದ ಮಾಡುತ್ತಿದ್ದ ದಾನ ಮೂಲಧನದಿಂದ ನಡೆಯತೊಡಗಿದರೆ ಆಗುವುದೇ ಹೀಗೆ. ಕೇಳಿದವರಿಗೆ ಇಲ್ಲವೆನ್ನಲಾರದ ಅವರ ಸ್ವಭಾವವನ್ನು ದುರುಪಯೋಗಪಡಿಸಿಕೊಂಡವರೂ ಇದ್ದರು. ಅವರನ್ನು ಹತ್ತಿರದಿಂದ ಕಂಡಿದ್ದ ಶಿವರಾಮ ಕಾರಂತರು ಆ ಬದುಕನ್ನೇ ಆಧರಿಸಿ ಬರೆದ ಕಾದಂಬರಿಗೆ ‘ಔದಾರ್ಯದ ಉರುಳಲ್ಲಿ’ ಎಂದು ಹೆಸರಿಟ್ಟದ್ದು ಸುಮ್ಮನಲ್ಲ.

1930ರ ಉಪ್ಪಿನ ಸತ್ಯಾಗ್ರಹದ ವೇಳೆಗೆ ಸದಾಶಿವ ರಾಯರು ಕರ್ನಾಟಕ ಕಾಂಗ್ರೆಸ್ಸಿನ ಅಗ್ರಗಣ್ಯ ನಾಯಕರು. ಸೆರೆಮನೆವಾಸ ಆರೋಗ್ಯವನ್ನು ಕುಗ್ಗಿಸಿತು. 1936ರ ಡಿಸೆಂಬರ್‌ನಲ್ಲಿ ಫೈಜ್‌ಪುರದ ಹಳ್ಳಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಹೋದವರು ಅಸ್ವಸ್ಥರಾಗಿ, 1937ರ ಜನವರಿ 9ರಂದು ಮುಂಬಯಿಯಲ್ಲಿ ಕೊನೆಯುಸಿರೆಳೆದರು. ಆಗ ಅವರ ಬಳಿ ಹಣವೆಂಬುದು ಉಳಿದಿರಲಿಲ್ಲ.

ಮರುವರ್ಷ ಹಳೆಯ ಮೈಸೂರು ಸೀಮೆಯಲ್ಲೂ ವಕೀಲರು ಇಂಥದೇ ಕವಲಿನಲ್ಲಿ ನಿಂತರು. 1938ರ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹದ ಮುಂದಾಳು ಟಿ. ಸಿದ್ಧಲಿಂಗಯ್ಯನವರು ದೊಡ್ಡಬಳ್ಳಾಪುರದ ವಕೀಲರು. ಅದೇ ರೈಲು ಹಾದಿಯಲ್ಲಿ ತೊಂಡೇಬಾವಿ ದಾಟಿ, ಗೌರಿಬಿದನೂರಿನಾಚೆ ಸಿಗುವ ವಿದುರಾಶ್ವತ್ಥದಲ್ಲಿ ಏಪ್ರಿಲ್ 25ರಂದು ಪೊಲೀಸರ ಗುಂಡಿಗೆ ಜನ ಬಲಿಯಾದರು.

ಸದಾಶಿವ ರಾಯರು ಬಿಟ್ಟುಬಂದ ವೃತ್ತಿ ಆನಂತರ ಗುರುತು ಸಿಗದಷ್ಟು ಬದಲಾಗಿದೆ. ಸಂಭಾವನೆಗಾಗಿ ವಕೀಲ ಕಕ್ಷಿದಾರನ ಮೇಲೆ ದಾವೆ ಹೂಡಬಹುದೆಂದು ಸ್ಪಷ್ಟಪಡಿಸಿದ ಕಾಯ್ದೆ ಬಂದದ್ದು 1926ರಲ್ಲಿ. 1961ರ ವಕೀಲರ ಕಾಯ್ದೆ ಹಲವು ದರ್ಜೆಗಳನ್ನು ಅಳಿಸಿ ದೇಶಕ್ಕೆಲ್ಲ ಒಂದೇ ವರ್ಗದ ವಕೀಲರನ್ನು ತಂದಿತು. ಕರಾವಳಿಯ ವಕೀಲರಿಗೆ ಅನ್ನ ನೀಡಿದ್ದ ಗೇಣಿ ವ್ಯಾಜ್ಯಗಳಿಗೆ 1974ರ ಭೂಸುಧಾರಣಾ ತಿದ್ದುಪಡಿ ದೊಡ್ಡ ಪೆಟ್ಟು ಕೊಟ್ಟಿತು. ಭೂ ನ್ಯಾಯಮಂಡಳಿಗಳಲ್ಲಿ ವಕೀಲರು ವಾದಿಸುವಂತೆಯೇ ಇರಲಿಲ್ಲ. ಆ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 1987ರಲ್ಲಿ ತೆಗೆದುಹಾಕುವವರೆಗೆ ಬಹುಪಾಲು ಗೇಣಿದಾರರ ಹಣೆಬರಹ ತೀರ್ಮಾನವಾಗಿತ್ತು.

ಬೆಂಗಳೂರಿನಲ್ಲಿ ಕಂಪನಿಗಳ ವ್ಯವಹಾರ ಬೆಳೆದಂತೆ, ನ್ಯಾಯಾಲಯದ ಮೆಟ್ಟಿಲನ್ನೇ ಹತ್ತದೆ ಒಪ್ಪಂದಪತ್ರ ಬರೆಯುವ, ಗಂಟೆಯ ಲೆಕ್ಕದಲ್ಲಿ ಶುಲ್ಕ ಪಡೆಯುವ ಸಂಸ್ಥೆಗಳು ಎದ್ದವು. 1956ರ ಕಂಪನಿ ಕಾಯ್ದೆಯಡಿ ಒಂದು ಪಾಲುದಾರಿಕೆಯಲ್ಲಿ 20ಕ್ಕಿಂತ ಹೆಚ್ಚು ಮಂದಿ ಇರುವಂತಿರಲಿಲ್ಲ. 2008ರ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಕಾಯ್ದೆ ಆ ಕಟ್ಟನ್ನು ಬಿಚ್ಚಿತು. ಅಲ್ಲಿ ಒಬ್ಬ ಪಾಲುದಾರ ಹೊರನಡೆದರೂ ಕಚೇರಿ ನಡೆಯುತ್ತದೆ, ಕಕ್ಷಿದಾರ ಉಳಿಯುತ್ತಾನೆ. ಮಂಗಳೂರಿನ ಒಬ್ಬಂಟಿ ವಕೀಲನಿಗೆ ಆ ಅನುಕೂಲವಿರಲಿಲ್ಲ.

ರಾಜಧಾನಿಯಲ್ಲಿ ಅವರ ನೆನಪಿಗೆ ಒಂದು ಬಡಾವಣೆಗೆ ಸದಾಶಿವನಗರ ಎಂಬ ಹೆಸರಿಡಲಾಗಿದೆ. ನಿವೇಶನದ ಬೆಲೆಯಲ್ಲಿ ಅದು ಬೆಂಗಳೂರಿನ ಅತಿ ದುಬಾರಿ ಪ್ರದೇಶಗಳಲ್ಲಿ ಒಂದು.