ನೋವಾ ವೆಬ್‌ಸ್ಟರ್

ವಿಶಾಖಪಟ್ಟಣದ ಬಂದರು ಹಡಗುಗಳಿಗೆ ತೆರೆದುದು 1933ರಲ್ಲಿ, ಆಂಗ್ಲರ ಆಳ್ವಿಕೆಯ ಕಾಲದಲ್ಲಿ. ಬಂದರಿಗೆ ಇಂಗ್ಲಿಷಿನಲ್ಲಿ ಹಾರ್ಬರ್ ಎನ್ನುವರಷ್ಟೆ. ಬ್ರಿಟಿಷರ ರೀತಿಯಲ್ಲಿ ಬರೆದರೆ ಆ ಪದದ ಕೊನೆಯ ‘ಆರ್’ ಅಕ್ಷರಕ್ಕೆ ಮುಂಚೆ ‘ಯು’ ಇರುತ್ತದೆ. ಅಮೆರಿಕದವರ ರೀತಿಯಲ್ಲಿ ಅದಿರುವುದಿಲ್ಲ. ಇವೆರಡರಲ್ಲಿ ತಪ್ಪಾವುದು? ಉತ್ತರವನ್ನರಸಿ ಹೊರಟರೆ ನಾವು ನೋವಾ ವೆಬ್‌ಸ್ಟರರ ಜೀವನವನ್ನು ತಿಳಿಯಬೇಕಾಗುತ್ತದೆ.

ವೆಬ್‌ಸ್ಟರರು 1758ರ ಅಕ್ಟೋಬರ್ 16ರಂದು ಅಮೆರಿಕದ ಕನೆಕ್ಟಿಕಟ್ ಪ್ರಾಂತದ ಒಂದು ರೈತ ಕುಟುಂಬದಲ್ಲಿ ಜನಿಸಿದರು. ತಂದೆಯು ಹೊಲವನ್ನು ಒತ್ತೆಯಿಟ್ಟು ಮಗನನ್ನು ಯೇಲ್ ಕಾಲೇಜಿನಲ್ಲಿ ಓದಿಸಿದನು. 1778ರಲ್ಲಿ ಪದವೀಧರರಾದ ಇವರು ಉಪಾಧ್ಯಾಯರಾದರು. ಆಗ ಅವರ ನಾಡು ಇಂಗ್ಲೆಂಡಿನೊಡನೆ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿತ್ತು; ಮಕ್ಕಳು ಓದುತ್ತಿದ್ದುದು ಮಾತ್ರ ಇಂಗ್ಲೆಂಡಿನ ಪುಸ್ತಕಗಳನ್ನೇ. ಸ್ವತಂತ್ರ ದೇಶಕ್ಕೆ ಸ್ವಂತ ಪಾಠಪುಸ್ತಕ ಬೇಕೆಂದು ಬಗೆದು ಅವರು 1783ರಲ್ಲಿ ಸ್ಪೆಲಿಂಗ್ ಕಲಿಸುವ ಪುಸ್ತಕವೊಂದನ್ನು ಪ್ರಕಟಿಸಿದರು. ನೀಲಿ ಹೊದಿಕೆಯ ಆ ಪುಸ್ತಕವು ಕಾಲಕ್ರಮದಲ್ಲಿ ಕೋಟಿಗಟ್ಟಲೆ ಪ್ರತಿಗಳು ಮಾರಾಟವಾಗಿ ಮನೆಮಾತಾಯಿತು.

ಮುಂದೆ ಅವರು ನಿಘಂಟಿನ ಕಾರ್ಯಕ್ಕೆ ಕೈಹಾಕಿದರು. ಹಲವು ಭಾಷೆಗಳನ್ನು ಅಭ್ಯಸಿಸಿ, ಸಮುದ್ರ ದಾಟಿ ಪ್ಯಾರಿಸ್ ಮತ್ತು ಕೇಂಬ್ರಿಜ್‌ಗಳಲ್ಲಿ ಗ್ರಂಥಗಳನ್ನು ಶೋಧಿಸಿದರು. ಸುಮಾರು 70,000 ಪದಗಳ ಆ ನಿಘಂಟು 1828ರಲ್ಲಿ ಹೊರಬಂದಾಗ ಅವರಿಗೆ ಎಪ್ಪತ್ತು ವರ್ಷ. ಕಲರ್, ಆನರ್ ಮುಂತಾದ ಪದಗಳಲ್ಲಿ ‘ಯು’ ಬೇಡವೆಂದೂ, ಮ್ಯೂಸಿಕ್ ಪದದ ಕೊನೆಗೆ ಹಿಂದಿನವರು ಬರೆಯುತ್ತಿದ್ದ ‘ಕೆ’ ಬೇಡವೆಂದೂ ಅವರು ವಿಧಿಸಿದರು. ಆ ‘ಕೆ’ಯನ್ನು ಬ್ರಿಟಿಷರೂ ಬಿಟ್ಟರು, ‘ಯು’ವನ್ನು ಬಿಡಲಿಲ್ಲ. ವೆಬ್‌ಸ್ಟರರ ಇನ್ನು ಕೆಲವು ಸೂಚನೆಗಳನ್ನು ಅವರ ನಾಡಿನವರೇ ಒಪ್ಪಲಿಲ್ಲ. ನಿಘಂಟಿನ ಎರಡನೆಯ ಮುದ್ರಣಕ್ಕಾಗಿ, ತಂದೆ ಹೊಲವನ್ನು ಒತ್ತೆಯಿಟ್ಟಂತೆ, ಇವರು ತಮ್ಮ ಮನೆಯನ್ನೇ ಒತ್ತೆಯಿಟ್ಟರು. 1843ರ ಮೇ 28ರಂದು ಅವರು ತೀರಿಕೊಂಡರು.

ಹೀಗೆ ಬಂದರಿನ ಹೆಸರಿನ ಎರಡು ರೂಪಗಳೂ ತಮ್ಮ ತಮ್ಮ ನಾಡಿನಲ್ಲಿ ಸರಿಯಾದವುಗಳೇ. ಆದರೆ ಸೆಪರೇಟ್ ಎಂಬ ಪದದ ನಡುವೆ ‘ಎ’ಗೆ ಬದಲು ‘ಇ’ ಬರೆದರೆ ಅದು ಎರಡು ನಾಡುಗಳಲ್ಲಿಯೂ ತಪ್ಪೇ. ಒಂದೇ ಪ್ರಬಂಧದಲ್ಲಿ ಒಮ್ಮೆ ಬ್ರಿಟಿಷರಂತೆಯೂ ಒಮ್ಮೆ ಅಮೆರಿಕದವರಂತೆಯೂ ಬರೆಯುವುದು ಅಜಾಗರೂಕತೆ. ನಮ್ಮ ಪಾಠಪುಸ್ತಕಗಳು ಬ್ರಿಟಿಷ್ ರೀತಿಯನ್ನು ಅನುಸರಿಸುವುದರಿಂದ ನಾವು ಅದನ್ನೇ ಹಿಡಿಯೋಣ. ಮತ್ತೊಂದು ರೀತಿಯಲ್ಲಿ ಬರೆದವನನ್ನು ಕಂಡು ನಗದಿರೋಣ. ಒಂದೊಂದು ಅಕ್ಷರಕ್ಕೂ ಜೀವ ತೇಯ್ದ ಹಿರಿಯರಿದ್ದರೆಂಬುದನ್ನು ಮಾತ್ರ ಮರೆಯದಿರೋಣ.